ಹುಲ್ಲಿನೊಳಗೆ ಕೂತ ಶಿಲೀಂಧ್ರ: ತೆಗೆದರೆ ಹುಲ್ಲಿಲ್ಲ, ಬಿಟ್ಟರೆ ದನವಿಲ್ಲ

ಅಮೆರಿಕದ ಕೆಂಟಕಿ, ಟೆನೆಸೀ, ಮಿಸೌರಿ ರಾಜ್ಯಗಳಲ್ಲಿ ಜುಲೈ ತಿಂಗಳ ಮಧ್ಯಾಹ್ನ ದನಗಳು ಮೇಯುವುದನ್ನು ಬಿಟ್ಟು ಹೊಂಡದ ನೀರಿಗಿಳಿದು ನಿಂತಿರುವುದು ಮಾಮೂಲು ನೋಟ. ಚಳಿಗಾಲದಲ್ಲಿ ಬೆಳೆದ ದಪ್ಪ ಕೂದಲು ಬೇಸಿಗೆ ಬಂದರೂ ಉದುರಿರುವುದಿಲ್ಲ. ಏದುಸಿರು ಬಿಡುತ್ತಿರುತ್ತವೆ, ಬಾಯಿಂದ ಜೊಲ್ಲು ಸುರಿಯುತ್ತಿರುತ್ತದೆ. ಸುತ್ತ ನೋಡಿದರೆ ಮೊಣಕಾಲೆತ್ತರದ ಹಸಿರು ಹುಲ್ಲು. ಮೇವಿಗೇನೂ ಕೊರತೆಯಿಲ್ಲ. ಆದರೆ ದನಗಳ ಈ ಪಾಡಿಗೆ ಆ ಹುಲ್ಲೇ ಕಾರಣ. ಸರಿಯಾಗಿ ಹೇಳಬೇಕೆಂದರೆ ಹುಲ್ಲೂ ಅಲ್ಲ, ಹುಲ್ಲಿನೊಳಗೆ ಕಣ್ಣಿಗೆ ಕಾಣದಂತೆ ಕೂತಿರುವ ಒಂದು ಶಿಲೀಂಧ್ರ.

ಈ ಹುಲ್ಲಿನ ಹೆಸರು ಟಾಲ್ ಫೆಸ್ಕ್ಯೂ. ಯೂರೋಪಿನಿಂದ ಬಂದದ್ದು. 1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಪ್ರೊಫೆಸರ್ ಇ. ಎನ್. ಫರ್ಗಸ್ ಅವರು ಮೆನಿಫೀ ಕೌಂಟಿಯ ಒಂದು ಗುಡ್ಡದ ಜಮೀನಿನಲ್ಲಿ ಇದನ್ನು ನೋಡಿದರು. ಚಳಿ ಬರಲಿ, ಬರ ಬರಲಿ, ಮಣ್ಣು ಸವೆದಿರಲಿ, ಹುಲ್ಲು ಮಾತ್ರ ಹಸಿರಾಗಿಯೇ ಇತ್ತು. ಅದರ ಬೀಜ ತಂದು ಪರೀಕ್ಷೆ ಮಾಡಿ 1943ರಲ್ಲಿ 'ಕೆಂಟಕಿ 31' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ರೈತರು ಮುಗಿಬಿದ್ದು ಬಿತ್ತಿದರು. ಇಂದು ಅಮೆರಿಕದಲ್ಲಿ ಟಾಲ್ ಫೆಸ್ಕ್ಯೂ ಸುಮಾರು 3.5 ಕೋಟಿ ಎಕರೆಯಲ್ಲಿದೆ, ಅಂದರೆ 1.4 ಕೋಟಿ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣದ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ.

ಬಿತ್ತಿದ ಕೆಲವೇ ವರ್ಷಗಳಲ್ಲಿ ದೂರುಗಳು ಶುರುವಾದವು. ಇಷ್ಟು ಸೊಂಪಾದ ಹುಲ್ಲು ಮೇಯ್ದರೂ ದನಗಳ ತೂಕ ಏರಲಿಲ್ಲ. ಸರಿಯಾಗಿ ಗಬ್ಬ ಕಟ್ಟಲಿಲ್ಲ. ಚಳಿಗಾಲದಲ್ಲಿ ಕೆಲವು ದನಗಳ ಹಿಂಗಾಲು ಕುಂಟಿ, ಗೊರಸು ಕೊಳೆತು, ಬಾಲದ ತುದಿ, ಕಿವಿಯ ತುದಿ ಉದುರಿ ಬೀಳುತ್ತಿದ್ದವು. ಹೆಣ್ಣು ಕುದುರೆಗಳ ಕಥೆ ಇನ್ನೂ ಕೆಟ್ಟದ್ದು. ದಿನ ತುಂಬಿದರೂ ಈಯುತ್ತಿರಲಿಲ್ಲ. ಈದರೂ ಕೆಚ್ಚಲಲ್ಲಿ ಹಾಲಿರುತ್ತಿರಲಿಲ್ಲ. ಹುಲ್ಲನ್ನು ಲ್ಯಾಬಿಗೆ ಕೊಟ್ಟರೆ ಪ್ರೋಟೀನ್ ಚೆನ್ನಾಗಿದೆ, ನಾರು ಸರಿಯಿದೆ ಎಂಬ ವರದಿ ಬರುತ್ತಿತ್ತು. ಕಾಗದದ ಮೇಲೆ ಒಳ್ಳೆಯ ಮೇವು, ಹೊಟ್ಟೆಗೆ ಹೋದರೆ ವಿಷ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಯಾರಿಗೂ ಇದರ ಗುಟ್ಟು ಸಿಗಲಿಲ್ಲ.

ಸಿಕ್ಕಿದ್ದು 1977ರಲ್ಲಿ. ಜಾರ್ಜಿಯಾ ರಾಜ್ಯದ ಅಥೆನ್ಸ್‌ನಲ್ಲಿ ಅಮೆರಿಕ ಕೃಷಿ ಇಲಾಖೆಯ ವಿಜ್ಞಾನಿ ಚಾರ್ಲ್ಸ್ ಬೇಕನ್ ಮತ್ತು ಅವರ ಜೊತೆಗಾರರು ದನಗಳಿಗೆ ತೊಂದರೆ ಕೊಟ್ಟ ಗಾವಲಿನ ಹುಲ್ಲನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು. ಎಲೆಯ ಬುಡದಲ್ಲಿ, ಕಾಂಡದಲ್ಲಿ, ಬೀಜದಲ್ಲಿ ಸಣ್ಣ ಎಳೆಗಳು ಹರಡಿಕೊಂಡಿದ್ದವು. ಹೊರಗಿನಿಂದ ನೋಡಿದರೆ ಒಂದು ಚುಕ್ಕೆಯಿಲ್ಲ, ತುಕ್ಕಿಲ್ಲ, ಬೂಷ್ಟಿಲ್ಲ. ಈಗ ಈ ಗುಂಪಿನ ಶಿಲೀಂಧ್ರಗಳನ್ನು ಎಪಿಕ್ಲೋಯಿ ಎಂದು ಕರೆಯುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಶಿಲೀಂಧ್ರವನ್ನು ವಿಜ್ಞಾನ ಮೊದಲ ಬಾರಿ ಕಂಡದ್ದು ಆಗಲ್ಲ. ಗೋದಿ ಹೊಲದಲ್ಲಿ ಬೆಳೆಯುವ ಡಾರ್ನೆಲ್ ಎಂಬ ಕಳೆಯ ಬೀಜ ಹಿಟ್ಟಿನಲ್ಲಿ ಸೇರಿದರೆ ತಿಂದವರಿಗೆ ಮತ್ತೇರುತ್ತದೆ ಎಂಬುದು ಬಹಳ ಹಳೆಯ ಅನುಭವ. ಆ ಬೀಜದೊಳಗೆ ಶಿಲೀಂಧ್ರದ ಎಳೆಗಳಿವೆ ಎಂದು 1898ರಲ್ಲೇ ಬರೆದಿಟ್ಟಿದ್ದರು. ಆದರೆ ಅದನ್ನು ದನದ ಮೇವಿಗೆ ಜೋಡಿಸಿ ನೋಡಲು ಸುಮಾರು 80 ವರ್ಷ ಬೇಕಾಯಿತು. ಗಿಡದ ರೋಗ ನೋಡುವವರು ಒಂದು ಕಡೆ, ದನದ ಡಾಕ್ಟರುಗಳು ಇನ್ನೊಂದು ಕಡೆ. ಗಿಡಕ್ಕೆ ರೋಗವೇ ಇಲ್ಲದ ಮೇಲೆ ಮೊದಲಿನವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ?

ಬೀಜದಿಂದ ಬೀಜಕ್ಕೆ

ಎಪಿಕ್ಲೋಯಿ ಬದುಕುವ ರೀತಿ ವಿಚಿತ್ರವಾಗಿದೆ. ಅದು ಹುಲ್ಲಿನ ಜೀವಕೋಶದೊಳಗೆ ನುಗ್ಗುವುದಿಲ್ಲ. ಕೋಶ ಕೋಶಗಳ ನಡುವಿನ ಸಂದಿಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಶಿಲೀಂಧ್ರದ ಎಳೆ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ಎಲೆ ಉದ್ದವಾಗುತ್ತಿರುವಾಗ ಹಾಗೆ ಮಾಡಿದರೆ ಎಳೆ ಹರಿದುಹೋಗುತ್ತದೆ. ಹಾಗಾಗಿ ಎಪಿಕ್ಲೋಯಿ ತನ್ನ ಎಳೆಯ ನಡುವಿನಲ್ಲೂ ಬೆಳೆಯುತ್ತದೆ. ಎಲೆ ಎಷ್ಟು ಹಿಗ್ಗಿತೋ ಅಷ್ಟೇ ತಾನೂ ಹಿಗ್ಗುತ್ತದೆ. ಎಲೆ ಬೆಳೆಯುವುದನ್ನು ನಿಲ್ಲಿಸಿದರೆ ಇದೂ ನಿಲ್ಲಿಸುತ್ತದೆ. ಬೇರಿಗೆ ಹೋಗುವುದೇ ಇಲ್ಲ ಎನ್ನಬಹುದು. ಹುಲ್ಲು ತೆನೆ ಬಿಟ್ಟಾಗ ಮೇಲೇರಿ ಬೀಜ ಸೇರುತ್ತದೆ. ಆ ಬೀಜ ಮೊಳೆತರೆ ಹೊಸ ಗಿಡದ ಸುಳಿಯಲ್ಲಿ ಮತ್ತೆ ಸಂಸಾರ. ಟಾಲ್ ಫೆಸ್ಕ್ಯೂನಲ್ಲಿರುವ ಶಿಲೀಂಧ್ರ ಗಾಳಿಯಲ್ಲಿ ಹಾರುವುದಿಲ್ಲ, ಪಕ್ಕದ ಗಿಡಕ್ಕೆ ಅಂಟುವುದಿಲ್ಲ, ಪರಾಗದ ಜೊತೆಗೂ ಹೋಗುವುದಿಲ್ಲ. ತಾಯಿಗಿಡದ ಬೀಜವೊಂದೇ ಅದರ ದಾರಿ. ಈ ಸಣ್ಣ ವಿಷಯವನ್ನು ನೆನಪಿಡಿ. ಮುಂದಿನ ತಕರಾರೆಲ್ಲ ಇದರ ಮೇಲೇ ನಿಂತಿದೆ.

ತನ್ನ ಬದುಕು ಪೂರ್ತಿಯಾಗಿ ಹುಲ್ಲಿನ ಬದುಕಿಗೆ ಕಟ್ಟಿಕೊಂಡಿರುವಾಗ ಹುಲ್ಲು ಸತ್ತರೆ ತಾನೂ ಸತ್ತಂತೆ. ಹಾಗಾಗಿ ಅದು ಹುಲ್ಲನ್ನು ಕಾಯುತ್ತದೆ. ಮನೆ ಬಾಡಿಗೆಯನ್ನು ಕಾವಲುಗಾರಿಕೆಯಲ್ಲಿ ತೀರಿಸಿದ ಹಾಗೆ. ಹುಲ್ಲಿನಿಂದ ಸಕ್ಕರೆ ಪಡೆಯುತ್ತದೆ, ಬದಲಿಗೆ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳನ್ನು ತಯಾರಿಸಿ ಕೊಡುತ್ತದೆ. ಇವುಗಳಲ್ಲಿ ನಾಲ್ಕು ಗುಂಪುಗಳು ಮುಖ್ಯ. ಪೆರಮೀನ್ ಮತ್ತು ಲೋಲೀನ್‌ಗಳು ಕೀಟಗಳನ್ನು ದೂರ ಇಡುತ್ತವೆ ಅಥವಾ ಕೊಲ್ಲುತ್ತವೆ. ದನ, ಕುರಿಗಳಿಗೆ ಇವುಗಳಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಉಳಿದೆರಡು ಗುಂಪುಗಳೇ ತಲೆನೋವು. ಎರ್ಗೊವ್ಯಾಲೀನ್ ರಕ್ತನಾಳಗಳನ್ನು ಬಿಗಿಯುತ್ತದೆ. ಲೋಲಿಟ್ರೆಮ್ ಬಿ ನರಗಳಿಗೆ ತೊಂದರೆ ಕೊಡುತ್ತದೆ.

ಕೆಂಟಕಿಯ ದನಗಳಿಗೆ ಆಗುತ್ತಿದ್ದುದು ಎರ್ಗೊವ್ಯಾಲೀನ್ ಮತ್ತು ಅದರ ಬಳಗದ ಕೆಲಸ. ರಕ್ತನಾಳ ಬಿಗಿದುಕೊಂಡರೆ ಬೇಸಿಗೆಯಲ್ಲಿ ಮೈಶಾಖ ಚರ್ಮದ ಮೂಲಕ ಹೊರಹೋಗುವುದಿಲ್ಲ. ಅದಕ್ಕೇ ನೀರಿಗಿಳಿಯುವುದು. ಚಳಿಗಾಲದಲ್ಲಿ ಕಾಲು, ಕಿವಿ, ಬಾಲದ ತುದಿಗೆ ರಕ್ತ ತಲುಪುವುದಿಲ್ಲ. ಅದಕ್ಕೇ ಅವು ಕೊಳೆಯುವುದು. ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಇದು ಇಳಿಸುತ್ತದೆ, ಕುದುರೆಯ ಕೆಚ್ಚಲು ಬತ್ತುವುದು ಹಾಗೆ. ಬೇರೆ ಬೇರೆ ರೋಗ ಎಂದುಕೊಂಡಿದ್ದಕ್ಕೆಲ್ಲ ಮೂಲ ಒಂದೇ ಆಗಿತ್ತು. 1990ರ ದಶಕದ ಒಂದು ಅಂದಾಜಿನಲ್ಲಿ ಅಮೆರಿಕದ ಮಾಂಸದ ದನಗಳ ಉದ್ಯಮಕ್ಕೆ ಇದರಿಂದ ವರ್ಷಕ್ಕೆ 60 ಕೋಟಿ ಡಾಲರ್ ನಷ್ಟ. ಈಗಿನ ಅಂದಾಜುಗಳು 100 ಕೋಟಿ ಡಾಲರ್ ದಾಟುತ್ತವೆ.

ನ್ಯೂಜಿಲೆಂಡಿನ ಎಡವಟ್ಟು

ಇದೇ ಹೊತ್ತಿಗೆ ಭೂಮಿಯ ಇನ್ನೊಂದು ತುದಿಯಲ್ಲಿ ಇನ್ನೊಂದು ಹುಲ್ಲಿನದು ಇನ್ನೊಂದು ಕಥೆ. ನ್ಯೂಜಿಲೆಂಡಿನ ಹೈನುಗಾರಿಕೆ, ಕುರಿ ಸಾಕಣೆ ಎರಡೂ ನಿಂತಿರುವುದು ಪೆರೆನಿಯಲ್ ರೈಗ್ರಾಸ್ ಎಂಬ ಹುಲ್ಲಿನ ಮೇಲೆ. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿನ ಕುರಿಗಳಿಗೆ ತಲೆ ನಡುಗುತ್ತಿತ್ತು. ನಾಯಿ ಅಟ್ಟಿದರೆ ನಾಲ್ಕು ಹೆಜ್ಜೆ ಓಡಿ, ಕಾಲು ಸೆಟೆದು ದೊಪ್ಪನೆ ಬೀಳುತ್ತಿದ್ದವು. ಸುಮ್ನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತಿದ್ದವು. ವಿಷದಿಂದ ಸಾಯುವುದಕ್ಕಿಂತ ಹಳ್ಳಕ್ಕೋ ನೀರಿಗೋ ಬಿದ್ದು ಸಾಯುವುದೇ ಜಾಸ್ತಿ. 1981ರಲ್ಲಿ ಫ್ಲೆಚರ್ ಮತ್ತು ಹಾರ್ವಿ ಎಂಬ ವಿಜ್ಞಾನಿಗಳು ಇದಕ್ಕೂ ಹುಲ್ಲಿನೊಳಗಿನ ಶಿಲೀಂಧ್ರಕ್ಕೂ ನಂಟಿದೆ ಎಂದು ತೋರಿಸಿದರು. ವಿಷದ ಹೆಸರು ಲೋಲಿಟ್ರೆಮ್ ಬಿ ಎಂದು ಬೇಗನೇ ಗೊತ್ತಾಯಿತು.

ಕಾರಣ ಸಿಕ್ಕಿತು, ಇನ್ನೇನು? ಶಿಲೀಂಧ್ರ ತೆಗೆದರೆ ಆಯಿತು. ತೆಗೆಯುವುದು ಕಷ್ಟವೂ ಅಲ್ಲ. ಬೀಜವನ್ನು ಬೆಚ್ಚನೆಯ ಜಾಗದಲ್ಲಿ ಒಂದೆರಡು ವರ್ಷ ಇಟ್ಟರೆ ಬೀಜ ಬದುಕಿರುತ್ತದೆ, ಒಳಗಿನ ಶಿಲೀಂಧ್ರ ಸತ್ತುಹೋಗುತ್ತದೆ. ಹಾಗೆ 'ಶುದ್ಧ' ಹುಲ್ಲು ತಯಾರಾಯಿತು. ನ್ಯೂಜಿಲೆಂಡ್, ಅಮೆರಿಕ ಎರಡೂ ಕಡೆ ಇದೇ ದಾರಿ ಹಿಡಿದರು.

ಫಲಿತಾಂಶ ನೋಡಿ. ನ್ಯೂಜಿಲೆಂಡಿನಲ್ಲಿ ದಕ್ಷಿಣ ಅಮೆರಿಕದಿಂದ ಬಂದು ನೆಲೆಸಿದ ಅರ್ಜೆಂಟೈನ್ ಸ್ಟೆಮ್ ವೀವಿಲ್ ಎಂಬ ಸಣ್ಣ ಮೂತಿಹುಳು ಇದೆ. ಅದರ ಮರಿ ಕಾಂಡ ಕೊರೆದು ತಿನ್ನುತ್ತದೆ. ಶಿಲೀಂಧ್ರ ಇದ್ದ ರೈಗ್ರಾಸನ್ನು ಅದು ಮುಟ್ಟುತ್ತಿರಲಿಲ್ಲ, ಇಲ್ಲದ್ದನ್ನು ಬುಡಸಮೇತ ಮುಗಿಸುತ್ತಿತ್ತು. 1982ರಲ್ಲೇ ಇದನ್ನು ವರದಿ ಮಾಡಿದ್ದರು. ಅಮೆರಿಕದಲ್ಲೂ ಹಾಗೆಯೇ. ಶಿಲೀಂಧ್ರವಿಲ್ಲದ ಫೆಸ್ಕ್ಯೂ ಮೇಯ್ದ ದನಗಳು ಚೆನ್ನಾಗಿ ಕೊಬ್ಬಿದವು. ಆದರೆ ಬಿಸಿಲು, ಬರ, ಹೆಚ್ಚು ಮೇಯುವಿಕೆ ಎಲ್ಲ ಸೇರಿ ಕೆಲವೇ ವರ್ಷದಲ್ಲಿ ಹುಲ್ಲೇ ಹೋಯಿತು. 1931ರಲ್ಲಿ ಫರ್ಗಸ್ ಅವರು ಮೆಚ್ಚಿದ್ದ ಗಟ್ಟಿತನ ಬರೀ ಹುಲ್ಲಿನದಾಗಿರಲಿಲ್ಲ, ಅದರಲ್ಲಿ ದೊಡ್ಡ ಪಾಲು ಶಿಲೀಂಧ್ರದ್ದಾಗಿತ್ತು. ಅವರು ಆರಿಸಿದ್ದು ಒಂದು ಜೀವಿಯನ್ನಲ್ಲ, ಜೋಡಿಯನ್ನು.

ಈ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. 'ಈ ಶಿಲೀಂಧ್ರ ಒಳ್ಳೆಯದೋ ಕೆಟ್ಟದೋ' ಎಂಬ ಪ್ರಶ್ನೆಯೇ ತಪ್ಪು ದಾರಿಗೆ ಎಳೆಯಿತು. ಕೆಟ್ಟದು ಎಂದು ತೆಗೆದುಹಾಕಿ ಕೈ ಸುಟ್ಟುಕೊಂಡರು. ಕೇಳಬೇಕಾಗಿದ್ದದ್ದು ಬೇರೆ: ಯಾವ ತಳಿಯ ಶಿಲೀಂಧ್ರ, ಅದು ತಯಾರಿಸುವ ಯಾವ ರಾಸಾಯನಿಕ, ಯಾರ ಹೊಟ್ಟೆಗೆ ಹೋಗುತ್ತದೆ? ಹೀಗೆ ಕೇಳಿದ ಮೇಲೇ ದಾರಿ ಕಂಡದ್ದು.

ಬೇಕಾದ ವಿಷ, ಬೇಡದ ವಿಷ

ಯೂರೋಪಿನಲ್ಲೂ ಅದರ ಸುತ್ತಲ ಪ್ರದೇಶಗಳಲ್ಲೂ ಕಾಡುಹುಲ್ಲಾಗಿ ಬೆಳೆಯುವ ರೈಗ್ರಾಸ್, ಫೆಸ್ಕ್ಯೂಗಳನ್ನು ಹುಡುಕಿದಾಗ ಬಗೆಬಗೆಯ ಎಪಿಕ್ಲೋಯಿ ತಳಿಗಳು ಸಿಕ್ಕವು. ಕೆಲವು ನಾಲ್ಕು ಗುಂಪಿನ ರಾಸಾಯನಿಕಗಳಲ್ಲಿ ಒಂದೆರಡನ್ನು ಮಾತ್ರ ತಯಾರಿಸುತ್ತಿದ್ದವು. ಅಂಥದ್ದನ್ನು ಆರಿಸಿ ಒಳ್ಳೆಯ ಹುಲ್ಲಿನ ತಳಿಗೆ ಸೇರಿಸಿದರೆ ಕೀಟ ದೂರ ಇರುತ್ತದೆ, ದನಕ್ಕೆ ತೊಂದರೆಯಿಲ್ಲ. ನ್ಯೂಜಿಲೆಂಡಿನ ಆಗ್‌ರಿಸರ್ಚ್ ಸಂಸ್ಥೆ ಇದರಲ್ಲಿ ಮುಂದಿತ್ತು.

ಸೇರಿಸುವ ಕೆಲಸ ಹೇಗೆ ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ಸಿಂಪಡಿಸುವ ಹಾಗಿಲ್ಲ, ಬೀಜಕ್ಕೆ ಲೇಪಿಸುವ ಹಾಗಿಲ್ಲ. ಬೀಜದ ಶಿಲೀಂಧ್ರವನ್ನು ಮೊದಲು ಕೊಂದು, ಮೊಳಕೆ ಬರಿಸಿ, ಮೈಕ್ರೋಸ್ಕೋಪಿನಡಿ ಮೊಳಕೆಯ ಸುಳಿಯ ಹತ್ತಿರ ಸೂಜಿಯಿಂದ ಸಣ್ಣಗೆ ಸೀಳಿ, ಆ ಸೀಳಿನಲ್ಲಿ ಹೊಸ ಶಿಲೀಂಧ್ರದ ಚೂರನ್ನು ಇಡಬೇಕು. ಒಂದೊಂದೇ ಮೊಳಕೆಗೆ, ಕೈಯಿಂದ. ಬಹುಪಾಲು ಹಿಡಿಯುವುದಿಲ್ಲ. ಹಿಡಿದ ಗಿಡದ ಬೀಜದಿಂದ ಮುಂದಿನ ಪೀಳಿಗೆ. ಗ್ಯಾರಿ ಲ್ಯಾಚ್ ಮತ್ತು ಮೈಕ್ ಕ್ರಿಸ್ಟೆನ್ಸನ್ 1985ರಲ್ಲಿ ಪ್ರಕಟಿಸಿದ ಈ ವಿಧಾನವೇ ಮುಂದಿನ ಉದ್ಯಮಕ್ಕೆಲ್ಲ ಅಡಿಪಾಯ. ಹೀಗೆ ಗಿಡದೊಳಗೆ ಬದುಕುವ ಸೂಕ್ಷ್ಮಜೀವಿಗೆ ಎಂಡೋಫೈಟ್ ಎನ್ನುತ್ತಾರೆ. 'ಎಂಡೋಫೈಟ್' ಅಂತ ಲೇಬಲ್ ಹಚ್ಚಿ ಎಲ್ಲ ಬೆಳೆಗೂ ಒಂದೇ ಬಾಟಲಿ ಮಾರುವವರು ಸಿಕ್ಕಿದರೆ ಈ ಸೂಜಿಯ ಕೆಲಸ ನೆನಪು ಮಾಡಿಕೊಳ್ಳಿ. ಎಪಿಕ್ಲೋಯಿ ಮಟ್ಟಿಗಂತೂ ಒಂದು ಹುಲ್ಲಿನದು ಇನ್ನೊಂದು ಹುಲ್ಲಿಗೆ ಸುಲಭವಾಗಿ ಒಗ್ಗುವುದಿಲ್ಲ.

ಎಆರ್1 ಎಂಬ ಶಿಲೀಂಧ್ರದ ತಳಿ 2001ರಲ್ಲಿ ನ್ಯೂಜಿಲೆಂಡಿನ ಮಾರುಕಟ್ಟೆಗೆ ಬಂತು. ಅದು ಪೆರಮೀನ್ ತಯಾರಿಸುತ್ತದೆ. ಲೋಲಿಟ್ರೆಮ್ ಬಿ, ಎರ್ಗೊವ್ಯಾಲೀನ್ ಎರಡೂ ಇಲ್ಲ. ಕುರಿಗಳು ನಡುಗುವುದು ನಿಂತಿತು. ರೈತರು ಖುಷಿಯಾದರು. ಆಮೇಲೆ ಗೊತ್ತಾಯಿತು, ಎಆರ್1 ಮೂತಿಹುಳುವನ್ನು ತಡೆದರೂ ಆಫ್ರಿಕನ್ ಕಪ್ಪು ದುಂಬಿಯನ್ನು ಅಷ್ಟಾಗಿ ತಡೆಯುವುದಿಲ್ಲ, ಬೇರಿನ ಹೇನು ಇದ್ದ ಕಡೆ ಹುಲ್ಲು ಸೊರಗುತ್ತದೆ. ಹಾಗಾಗಿ ಎಆರ್37 ಬಂತು. ಅದರ ರಾಸಾಯನಿಕವೇ ಬೇರೆ, ಎಪಾಕ್ಸಿ ಜಾಂತಿಟ್ರೆಮ್‌ಗಳು. ದುಂಬಿ, ಹೇನು, ಮೂತಿಹುಳುವಿನ ಮರಿ ಎಲ್ಲಕ್ಕೂ ಅದು ಬಲವಾದ ತಡೆ. ಹುಲ್ಲು ಹೆಚ್ಚು ವರ್ಷ ನಿಲ್ಲುತ್ತದೆ. ಆದರೆ ಕೆಲವೊಮ್ಮೆ ಕುರಿಗಳಿಗೆ ನಡುಕ ಬರುತ್ತದೆ. ಅಂದರೆ ಚೌಕಾಸಿ ಮುಗಿದಿಲ್ಲ. ಕುರಿ ಜಾಸ್ತಿ ಇರುವವನ ಆಯ್ಕೆ ಒಂದು, ದುಂಬಿ ಜಾಸ್ತಿ ಇರುವ ಬೆಚ್ಚನೆಯ ಉತ್ತರ ಭಾಗದ ಹೈನುಗಾರನ ಆಯ್ಕೆ ಇನ್ನೊಂದು. ಅಲ್ಲಿ ಹುಲ್ಲಿನ ಬೀಜ ಕೊಳ್ಳುವವರು ಯಾವ ಹುಲ್ಲು ಎನ್ನುವುದರ ಜೊತೆಗೆ ಯಾವ ಶಿಲೀಂಧ್ರ ಎಂದೂ ಕೇಳಿಯೇ ಕೊಳ್ಳುತ್ತಾರೆ.

ಅಮೆರಿಕಕ್ಕೂ ಇದೇ ತಂತ್ರ ಹೋಯಿತು. ಜಾರ್ಜಿಯಾ ವಿಶ್ವವಿದ್ಯಾಲಯದ ಜೋ ಬೌಟನ್ ಅವರು ಲ್ಯಾಚ್ ಅವರ ಜೊತೆ ಸೇರಿ ಎಆರ್542 ಎಂಬ ತಳಿಯನ್ನು ಟಾಲ್ ಫೆಸ್ಕ್ಯೂಗೆ ಸೇರಿಸಿದರು. 2000ದಿಂದ ಅದು 'ಮ್ಯಾಕ್ಸ್‌ಕ್ಯೂ' ಹೆಸರಿನಲ್ಲಿ ಸಿಗುತ್ತಿದೆ.

ವಿಷವನ್ನೇ ಮಾರುವ ಉಪಾಯವೂ ಹುಟ್ಟಿತು, ಅದೂ ನ್ಯೂಜಿಲೆಂಡಿನಲ್ಲೇ. ವಿಮಾನ ನಿಲ್ದಾಣದಲ್ಲಿ ಹಕ್ಕಿಗಳ ಕಾಟ ಗೊತ್ತಲ್ಲ, ಎಂಜಿನ್‌ಗೆ ಹಕ್ಕಿ ಸಿಕ್ಕಿದರೆ ದೊಡ್ಡ ಅನಾಹುತ. ಅದಕ್ಕೆ ಬೇಕೆಂದೇ ಹೆಚ್ಚು ಆಲ್ಕಲಾಯ್ಡ್ ಇರುವ ಶಿಲೀಂಧ್ರದ ಹುಲ್ಲನ್ನು 'ಎವನೆಕ್ಸ್' ಹೆಸರಿನಲ್ಲಿ ತಯಾರಿಸಿದರು. ಬಾತುಗಳು ಒಮ್ಮೆ ತಿಂದರೆ ಹೊಟ್ಟೆ ತೊಳಸಿ ಮತ್ತೆ ಆ ಕಡೆ ಬರುವುದಿಲ್ಲ. ಕೀಟಗಳೂ ಕಡಿಮೆಯಾಗುವುದರಿಂದ ಕೀಟ ತಿನ್ನುವ ಹಕ್ಕಿಗಳಿಗೂ ಅಲ್ಲಿ ಕೆಲಸವಿಲ್ಲ. ಕ್ರೈಸ್ಟ್‌ಚರ್ಚ್, ಆಕ್ಲೆಂಡ್ ನಿಲ್ದಾಣಗಳಲ್ಲಿ ಇದನ್ನು ಬಿತ್ತಿದ್ದಾರೆ. ರನ್‌ವೇ ಪಕ್ಕ ಸರಿ. ಆದರೆ ಈ ಉಪಾಯದಲ್ಲೇ ಒಂದು ಎಚ್ಚರಿಕೆಯೂ ಅಡಗಿದೆ. ಇಂಡಿಯಾನಾ ವಿಶ್ವವಿದ್ಯಾಲಯದ ಕೀತ್ ಕ್ಲೇ ಮತ್ತು ಜೆನಿ ಹೋಲಾ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಲೀಂಧ್ರವಿದ್ದ ಫೆಸ್ಕ್ಯೂ ತಾಕುಗಳಲ್ಲಿ ವರ್ಷದಿಂದ ವರ್ಷಕ್ಕೆ ಬೇರೆ ಜಾತಿಯ ಗಿಡಗಳು ಕಡಿಮೆಯಾಗುತ್ತ ಹೋದವು. ಶಿಲೀಂಧ್ರವಿಲ್ಲದ ತಾಕುಗಳಲ್ಲಿ ಹಾಗಾಗಲಿಲ್ಲ. ಹುಲ್ಲಿಗೆ ಕಾವಲು ಸಿಕ್ಕಿದರೆ ಅಕ್ಕಪಕ್ಕದ ಗಿಡಗಳಿಗೆ ಜಾಗವಿಲ್ಲ. ಗಟ್ಟಿ ಹುಲ್ಲು ಬೇಕು ಎನ್ನುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಬಿಸಿಯಾಗುವ ನೆಲದಲ್ಲಿ

ಹವಾಮಾನ ಬಿಸಿಯಾಗುತ್ತಿರುವುದು ಈ ಜೋಡಿಯ ಎರಡೂ ಮುಖಗಳನ್ನು ಹರಿತ ಮಾಡುತ್ತಿದೆ. ಬರ ಹೆಚ್ಚಿದಷ್ಟೂ ಶಿಲೀಂಧ್ರವಿದ್ದ ಹುಲ್ಲಿಗೆ ಬೆಲೆ ಹೆಚ್ಚು. ಸೆಖೆ ಹೆಚ್ಚಿದಷ್ಟೂ ಅದೇ ಹುಲ್ಲು ತಿಂದ ದನಕ್ಕೆ ತೊಂದರೆ ಹೆಚ್ಚು, ಯಾಕೆಂದರೆ ಬೇಸಿಗೆಯಲ್ಲಿ ಈ ವಿಷ ಕಾಡುವುದೇ ಮೈಶಾಖವನ್ನು ಒಳಗೆ ಹಿಡಿದಿಟ್ಟು. ರೈತನಿಗೆ ಎರಡೂ ಕಡೆಯಿಂದ ಎಳೆತ.

ಶಾಖದ ಮಾತು ಬಂದದ್ದರಿಂದ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೆನಪಾಗುತ್ತದೆ. ಅಲ್ಲಿನದು ಎಪಿಕ್ಲೋಯಿ ಅಲ್ಲ, ಕರ್ವುಲೇರಿಯಾ ಎಂಬ ಬೇರೆ ಶಿಲೀಂಧ್ರ. ಆ ಉದ್ಯಾನದ ಬಿಸಿನೀರಿನ ಬುಗ್ಗೆಗಳ ಪಕ್ಕ ಒಂದು ಹುಲ್ಲು 50 ಡಿಗ್ರಿ ದಾಟಿದ ಮಣ್ಣಿನಲ್ಲಿ ಬೆಳೆಯುತ್ತದೆ. ಹುಲ್ಲೊಂದೇ ಆದರೆ 40 ಡಿಗ್ರಿಯ ಆಸುಪಾಸಿಗೇ ಸೋಲುತ್ತದೆ, ಶಿಲೀಂಧ್ರವೊಂದೇ ಆದರೂ ಹಾಗೆಯೇ. ಸೇರಿದರೆ ಎರಡೂ ಬದುಕುತ್ತವೆ. 2002ರಲ್ಲಿ ಇದು ಪ್ರಕಟವಾಯಿತು. 2007ರಲ್ಲಿ ಇನ್ನೂ ಮಜವಾದ ವಿಷಯ ಹೊರಬಂತು: ಶಿಲೀಂಧ್ರದೊಳಗೆ ಒಂದು ವೈರಸ್ ಇದ್ದರೆ ಮಾತ್ರ ಈ ಶಾಖ ತಡೆಯುವ ಶಕ್ತಿ. ಹುಲ್ಲಿನೊಳಗೆ ಶಿಲೀಂಧ್ರ, ಅದರೊಳಗೆ ವೈರಸ್.

ಗೋದಿಯ ಕಡೆಯಿಂದಲೂ ಒಂದು ಸುದ್ದಿಯಿದೆ. ಚೀನಾದ ಶಾಂಡಾಂಗ್ ಕೃಷಿ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಗೋದಿಯ ಕಾಡುಸಂಬಂಧಿಯೊಂದರಲ್ಲಿ ಎಫ್‌ಎಚ್‌ಬಿ7 ಎಂಬ ಜೀನ್ ಗುರುತಿಸಿತು. ಗೋದಿ ತೆನೆಗೆ ಹತ್ತುವ ಫ್ಯುಸೇರಿಯಂ ರೋಗದ ವಿಷವನ್ನು ಅದು ನಿರ್ವಿಷ ಮಾಡುತ್ತದೆ. ಆ ಜೀನ್ ಮೂಲತಃ ಹುಲ್ಲಿನದಲ್ಲ. ಯಾವ ಕಾಲದಲ್ಲೋ ಎಪಿಕ್ಲೋಯಿಯಿಂದ ಹುಲ್ಲಿಗೆ ಜಿಗಿದದ್ದು. ಬಾಡಿಗೆದಾರ ಮನೆ ಬಿಟ್ಟರೂ ಒಂದು ಸಾಮಾನನ್ನು ಬಿಟ್ಟೇ ಹೋಗಿದ್ದಾನೆ.

ನಮ್ಮ ಕಡೆ

ಇದನ್ನು ಓದುತ್ತಿರುವ ಹೈನುಗಾರರು ಗಾಬರಿಯಾಗಬೇಕಿಲ್ಲ. ಎಪಿಕ್ಲೋಯಿ ತಂಪು ಪ್ರದೇಶದ ಹುಲ್ಲುಗಳ ಸಂಗಾತಿ. ನಮ್ಮ ನೇಪಿಯರ್, ಗಿನಿ ಹುಲ್ಲು, ಜೋಳ, ಮುಸುಕಿನ ಜೋಳದಲ್ಲಿ ಅದು ಇರುವುದಿಲ್ಲ. ಎಳೆ ಜೋಳ ತಿಂದು ದನ ಸಾಯುವುದುಂಟಲ್ಲ, ಅದು ಸಯನೈಡ್ ವಿಷ, ಜೋಳದ ಗಿಡವೇ ತಯಾರಿಸುವುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಇದೇ ಕುಟುಂಬದ ಶಿಲೀಂಧ್ರಗಳು ಇಲ್ಲೂ ಇವೆ. ಮಲೆನಾಡು, ಕೊಡಗಿನ ಭತ್ತದ ಗದ್ದೆಗಳಲ್ಲಿ ಕಾಣುವ ಊದುಬತ್ತಿ ರೋಗ ಅಂಥದ್ದು. ಗಿಡ ಬೆಳೆಯುವವರೆಗೂ ಒಳಗೇ ಇರುತ್ತದೆ, ಮೇಲ್ನೋಟಕ್ಕೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಹೊಡೆ ಬಿಚ್ಚುವಾಗ ತೆನೆಯ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೂದುಬಣ್ಣದ ನೆಟ್ಟನೆಯ ಕಡ್ಡಿಯಾಗಿ ಹೊರಬರುತ್ತದೆ. ಒಂದು ಕಾಳೂ ಇಲ್ಲ. ಎಪಿಕ್ಲೋಯಿಯ ಹಾಗೆ ಇದೂ ಬೀಜದಲ್ಲಿ ಕೂತು ಬರುತ್ತದೆ. ಅದಕ್ಕೇ ಬಿತ್ತನೆ ಭತ್ತವನ್ನು 54 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಅದ್ದುವ ಉಪಾಯ ಹೇಳುತ್ತಾರೆ. ಕಾವಲು ಕಾಯುವವನೂ ಕಾಳು ಕದಿಯುವವನೂ ಇಲ್ಲಿ ಒಂದೇ ವಂಶದವರು.

ಇನ್ನೊಂದು ವಿಷಯ ಹೆಚ್ಚು ಗಂಭೀರ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 13 ಆನೆಗಳ ಹಿಂಡಿನಲ್ಲಿ 10 ಆನೆಗಳು ಮೂರು ದಿನದೊಳಗೆ ಸತ್ತವು. ಮೊದಲು ಯಾರೋ ವಿಷ ಹಾಕಿದರು ಎಂಬ ಅನುಮಾನ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕಿದ್ದು ಸೈಕ್ಲೋಪಿಯಜೋನಿಕ್ ಆಸಿಡ್. ಶಿಲೀಂಧ್ರದ ವಿಷ. ಆನೆಗಳು ತಿಂದಿದ್ದು ಕೋದೋ, ಅಂದರೆ ನಮ್ಮ ಹಾರಕ. ಇದೇನೂ ಮೊದಲಲ್ಲ. 1933ರಲ್ಲಿ ಇಂದಿನ ತಮಿಳುನಾಡಿನ ಕಾಡೊಂದರಲ್ಲಿ ಹಾರಕ ತಿಂದು 14 ಆನೆಗಳು ಸತ್ತ ದಾಖಲೆಯಿದೆ. ಮನುಷ್ಯರಿಗೂ ತಲೆಸುತ್ತು, ವಾಂತಿ, ನಡುಕ ಬಂದ ವರದಿಗಳು ಉತ್ತರ ಭಾರತದಿಂದ ಹಲವು.

ಹಾರಕವೂ ಹುಲ್ಲಿನ ಜಾತಿಯದೇ. ಆದರೆ ಅದರ ವಿಷಕ್ಕೆ ಕಾರಣವಾದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಎಪಿಕ್ಲೋಯಿಯ ಹಾಗೆ ತಲೆಮಾರುಗಟ್ಟಲೆ ನೆಲೆಸಿದ ಜೊತೆಗಾರ ಅಲ್ಲ. ತೆನೆ ಮಾಗುವಾಗ ಮಳೆ ಹಿಡಿದರೆ, ಕೊಯ್ದ ಕಾಳು ಸರಿಯಾಗಿ ಒಣಗದಿದ್ದರೆ ಹತ್ತುತ್ತದೆ. ಎಲ್ಲ ವರ್ಷವೂ ಇಲ್ಲ, ಎಲ್ಲ ಹೊಲದಲ್ಲೂ ಇಲ್ಲ. ಆದರೂ ಬಾಂಧವಗಢದ ಘಟನೆಯಾದ ಮೇಲೆ ಮೊದಲು ಆದದ್ದು ಹತ್ತಿರದ ಹೊಲಗಳಲ್ಲಿ ನಿಂತಿದ್ದ ಬೆಳೆಯ ನಾಶ. ಆನೆ ಉಳಿಸುವ ತುರ್ತಿನಲ್ಲಿ ಅದು ಅರ್ಥವಾಗುವಂಥದ್ದೇ. ಆದರೆ ಹಾರಕವೇ ವಿಷ ಎಂಬ ತೀರ್ಮಾನಕ್ಕೆ ಬಂದರೆ ಕೆಂಟಕಿ, ನ್ಯೂಜಿಲೆಂಡಿನವರು ಮಾಡಿದ ಎಡವಟ್ಟೇ ಇಲ್ಲೂ ಆಗುತ್ತದೆ. ಒಂದು ಕಡೆ ಸಿರಿಧಾನ್ಯ ಎಂದು ಪ್ಯಾಕೆಟ್ ಮಾಡಿ ನಗರಗಳಲ್ಲಿ ಹಾರಕದ ಅಕ್ಕಿ ಮಾರುತ್ತಿದ್ದೇವೆ, ಇನ್ನೊಂದು ಕಡೆ ಬೆಳೆಯನ್ನೇ ಸುಡುವ ಮಾತಾಡುತ್ತೇವೆ. ಎರಡರ ನಡುವೆ ಬೇಕಾಗಿರುವುದು ಮಳೆಗೆ ಸಿಕ್ಕಿದ ಫಸಲನ್ನು ಗುರುತಿಸಿ ಬೇರೆ ಇಡುವುದು, ಖರೀದಿ ಕೇಂದ್ರದಲ್ಲಿ ತೇವಾಂಶ ನೋಡುವುದು, ಈ ವಿಷದ ಪರೀಕ್ಷೆ ಜಿಲ್ಲೆಯ ಹತ್ತಿರ ಸಿಗುವಂತೆ ಮಾಡುವುದು. ಸೂಪರ್‌ಫುಡ್ ಜಾಹೀರಾತಿಗೆ ಖರ್ಚು ಮಾಡುವ ಉತ್ಸಾಹ ಇದಕ್ಕೂ ಬಂದರೆ ಒಳ್ಳೆಯದಿತ್ತು.

ಈಗ ಎಲ್ಲಿ ನಿಂತಿದೆ

ಮತ್ತೆ ಫೆಸ್ಕ್ಯೂಗೆ ಬರೋಣ. ಒಳ್ಳೆಯ ಶಿಲೀಂಧ್ರದ ಬೀಜ ಬಂದು ಕಾಲು ಶತಮಾನ ಆಯಿತು. ಆದರೂ ಅಮೆರಿಕದ ಹೆಚ್ಚಿನ ಫೆಸ್ಕ್ಯೂ ಗಾವಲುಗಳಲ್ಲಿ ಇಂದಿಗೂ ಹಳೆಯ ವಿಷದ ಹುಲ್ಲೇ ಇದೆ. ಯಾಕೆ? ಒಂದು ಕಾರಣ ಬೀಜದ ಬೆಲೆ. ಕೆಂಟಕಿ 31 ಅಗ್ಗ, ಹೊಸದು ದುಬಾರಿ. ಶಿಲೀಂಧ್ರಕ್ಕೂ ಪೇಟೆಂಟ್ ಇರುತ್ತದೆ, ಬೀಜದಂಗಡಿಯಲ್ಲಿ ಅದನ್ನು ತಂಪಾಗಿ ಇಡುವ ಖರ್ಚೂ ಇದೆ. ಬಿಸಿ ಗೋದಾಮಿನಲ್ಲಿ ಬಿದ್ದರೆ ಚೀಲದ ಮೇಲಿನ ಹೆಸರು ಹಾಗೇ ಇರುತ್ತದೆ, ಒಳಗಿನ ಶಿಲೀಂಧ್ರ ಸತ್ತಿರುತ್ತದೆ. ರೈತ ದುಡ್ಡು ಕೊಟ್ಟು ತಂದದ್ದು ಬರೀ ಹುಲ್ಲಿನ ಬೀಜ. ಇಂಥ ವಿಷಯಗಳನ್ನು ತಿಳಿಸಿ ಹೇಳಲು, ಬೀಜದ ಗುಣಮಟ್ಟ ನೋಡಲು 2012ರಲ್ಲಿ ಅಲಯನ್ಸ್ ಫಾರ್ ಗ್ರಾಸ್‌ಲ್ಯಾಂಡ್ ರಿನ್ಯೂಯಲ್ ಎಂಬ ಒಕ್ಕೂಟವೇ ಹುಟ್ಟಿತು. ಅದರಲ್ಲಿ ವಿಶ್ವವಿದ್ಯಾಲಯಗಳೂ ಇವೆ, ಬೀಜದ ಕಂಪನಿಗಳೂ ಇವೆ.

ಬದಲಾಯಿಸಲಾಗದವರು ಸುಧಾರಿಸಿಕೊಂಡು ಹೋಗುತ್ತಾರೆ. ಗಾವಲಿನಲ್ಲಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಬೆರೆಸಿ ಬಿತ್ತಿದರೆ ಹೊಟ್ಟೆಗೆ ಹೋಗುವ ವಿಷದ ಪ್ರಮಾಣ ತಗ್ಗುತ್ತದೆ. ವಿಷ ಹೆಚ್ಚು ಸೇರುವುದು ತೆನೆಯಲ್ಲಿ, ಹಾಗಾಗಿ ತೆನೆ ಬರುವ ಮೊದಲೇ ಹುಲ್ಲು ಕತ್ತರಿಸುತ್ತಾರೆ. ಬೇಸಿಗೆಯಲ್ಲಿ ದನಗಳನ್ನು ಬೇರೆ ಹುಲ್ಲಿಗೆ ಅಟ್ಟುತ್ತಾರೆ.

ಹೊಸ ಆಸೆ ಜೀನ್ ಎಡಿಟಿಂಗ್. 2021ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಸಿಮೋನಾ ಫ್ಲೋರಿಯಾ, ಕ್ರಿಸ್ಟೋಫರ್ ಶಾರ್ಡ್ಲ್ ಅವರ ತಂಡ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ಫೆಸ್ಕ್ಯೂ ಶಿಲೀಂಧ್ರದಿಂದ ಎರ್ಗೊವ್ಯಾಲೀನ್ ತಯಾರಿಸುವ ಜೀನ್‌ಗಳ ಗುಂಪನ್ನೇ ಕತ್ತರಿಸಿ ತೆಗೆಯಿತು. ಹೊರಗಿನ ಜೀನ್ ಯಾವುದೂ ಒಳಗೆ ಉಳಿದಿಲ್ಲ. ಕಾಡಿನಲ್ಲಿ ಒಳ್ಳೆಯ ತಳಿ ಹುಡುಕುವ ಬದಲು ಇದ್ದದ್ದರಿಂದಲೇ ಬೇಡದ್ದನ್ನು ತೆಗೆಯುವ ದಾರಿ ಇದು. ನ್ಯೂಜಿಲೆಂಡಿನಲ್ಲಿ 1996ರ ಕಾನೂನು ಇಂಥ ಎಡಿಟಿಂಗನ್ನೂ ಕುಲಾಂತರಿ ಎಂದೇ ನೋಡುತ್ತದೆ. ಅದನ್ನು ಸಡಿಲಿಸುವ ಜೀನ್ ಟೆಕ್ನಾಲಜಿ ಮಸೂದೆ 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂತು. ಕುಲಾಂತರಿ ಇಲ್ಲದ ನಾಡು ಎಂಬ ಹೆಸರಿನಲ್ಲೇ ಹಾಲು, ಮಾಂಸ ಮಾರುವವರು ಒಂದು ಕಡೆ, ಇದು ಕುರಿಗೂ ಒಳ್ಳೆಯದು ಎನ್ನುವ ವಿಜ್ಞಾನಿಗಳು ಇನ್ನೊಂದು ಕಡೆ. ನನ್ನ ಮಟ್ಟಿಗೆ, ವಿಷವೊಂದನ್ನು ಕತ್ತರಿಸಿ ತೆಗೆದ ಶಿಲೀಂಧ್ರಕ್ಕೆ ಬೇರೆ ಜೀವಿಯ ಜೀನ್ ತುರುಕಿದ ಬೆಳೆಯಷ್ಟೇ ಕಟ್ಟುಪಾಡು ಹಾಕುವುದು ಅತಿಯಾಯಿತು. ಹಾಗಂತ ಕೀತ್ ಕ್ಲೇ ಅವರು ಕಂಡದ್ದನ್ನು ಮರೆತು ಎಲ್ಲ ಕಡೆ ಬಿತ್ತುವುದೂ ಸರಿಯಲ್ಲ.

ಕಾನೂನು ಏನೇ ಹೇಳಲಿ, ಕೆಂಟಕಿಯ ರೈತನ ತೊಡಕು ಬೇರೆಯೇ. ಈ ಶಿಲೀಂಧ್ರ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಹೋಗುವುದಿಲ್ಲ. ಹಾಗಾಗಿ ಎಷ್ಟೇ ಒಳ್ಳೆಯ ತಳಿ ಲ್ಯಾಬಿನಲ್ಲಿ ತಯಾರಾದರೂ ನಿಂತ ಹುಲ್ಲಿಗೆ ಅದನ್ನು ಸೇರಿಸಲಾಗದು. ಹಳೆಯ ಹುಲ್ಲು ತೆನೆ ಬಿಟ್ಟು ಬೀಜ ಉದುರಿಸದಂತೆ ಮೊದಲೇ ನೋಡಿಕೊಳ್ಳಬೇಕು. ಕಳೆನಾಶಕ ಹೊಡೆದು ಅದನ್ನು ಸಾಯಿಸಬೇಕು, ನಡುವೆ ಇನ್ನೊಂದು ಬೆಳೆ ಬೆಳೆಯಬೇಕು, ಮತ್ತೆ ಚಿಗುರಿದ್ದಕ್ಕೆ ಇನ್ನೊಮ್ಮೆ ಹೊಡೆದು ಆಮೇಲೆ ಹೊಸ ಬೀಜ ಬಿತ್ತಬೇಕು. ಅಷ್ಟು ತಿಂಗಳು ಆ ಜಮೀನಿನಲ್ಲಿ ಸರಿಯಾದ ಮೇವಿಲ್ಲ. ಇಳಿಜಾರಿನ ಗುಡ್ಡವಾದರೆ ಮಳೆಗೆ ಮಣ್ಣೂ ಕೊಚ್ಚಿಹೋಗುತ್ತದೆ. ಅಷ್ಟರಲ್ಲಿ ದನಗಳನ್ನು ಎಲ್ಲಿ ಮೇಯಿಸುವುದು ಎಂಬುದಕ್ಕೆ ಕ್ರಿಸ್ಪರ್ ಬಳಿ ಉತ್ತರವಿಲ್ಲ. ಅದಕ್ಕೇ ಅಲ್ಲಿನ ಕೃಷಿ ಅಧಿಕಾರಿಗಳು ಇಡೀ ಜಮೀನನ್ನು ಒಮ್ಮೆಗೇ ಮುಟ್ಟಬೇಡಿ, ವರ್ಷಕ್ಕೆ ಒಂದು ತಾಕಿನಂತೆ ಬದಲಾಯಿಸುತ್ತ ಹೋಗಿ ಎನ್ನುತ್ತಾರೆ.